ಬೊಮ್ಮಾಯಿ ಕೇಳಿದ ಆರು ದಿನ: ರಾಜ್ಯ ಸರ್ಕಾರವನ್ನು ಕೇಂದ್ರ ಎಲ್ಲಿಯವರೆಗೆ ಮುಟ್ಟಬಹುದು?

1989ರ ಏಪ್ರಿಲ್ 21ರಂದು ಕರ್ನಾಟಕದ ಸರ್ಕಾರ ಬಿತ್ತು. ಸದನದಲ್ಲಿ ಸೋತು ಬಿದ್ದದ್ದಲ್ಲ, ಅವತ್ತು ಸದನ ಸೇರಿರಲೇ ಇಲ್ಲ. ದೆಹಲಿಯಲ್ಲಿ ಒಂದು ಘೋಷಣೆಗೆ ಸಹಿ ಬಿತ್ತು, ಇಲ್ಲಿ ಬೆಂಗಳೂರಿನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಮುಖ್ಯಮಂತ್ರಿ ಸ್ಥಾನ ಹೋಯಿತು. ಇನ್ನು ಆರೇ ದಿನ ಕಳೆದಿದ್ದರೆ, ಅಂದರೆ ಏಪ್ರಿಲ್ 27ಕ್ಕೆ, ವಿಧಾನಸಭೆ ಸೇರುವುದಿತ್ತು. ಬಹುಮತ ಇದೆಯೋ ಇಲ್ಲವೋ ಅಲ್ಲೇ ಎಲ್ಲರ ಕಣ್ಣೆದುರು ಗೊತ್ತಾಗುತ್ತಿತ್ತು. ಆ ಆರು ದಿನ ಯಾರೂ ಕಾಯಲಿಲ್ಲ.

ಇವತ್ತು ಯಾವ ರಾಜ್ಯದ ಸರ್ಕಾರ ಅಲುಗಾಡಿದರೂ ಟಿವಿಯಲ್ಲಿ ಕೇಳಿಬರುವ ಹೆಸರು ಬೊಮ್ಮಾಯಿ ಪ್ರಕರಣ. ನಮ್ಮಲ್ಲಿ ತುಂಬಾ ಜನಕ್ಕೆ ಆ ಹೆಸರು ಗೊತ್ತು, ಅದರ ಒಳಗೆ ಏನಿದೆ ಅನ್ನುವುದು ಗೊತ್ತಿಲ್ಲ. ಇದು ನಮ್ಮ ರಾಜ್ಯದಲ್ಲೇ, ನಮ್ಮ ರಾಜಭವನ ಮತ್ತು ವಿಧಾನಸೌಧದ ನಡುವೆ ಹುಟ್ಟಿದ ಜಗಳ. ಅದು ಇಡೀ ದೇಶಕ್ಕೆ ಒಂದು ನಿಯಮವಾಗಿ ನಿಂತಿತು. ಹಾಗಾಗಿ ಕಾನೂನಿನ ಬಿಗಿ ಭಾಷೆ ಬಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿ, ಕೋರ್ಟ್ ಎಲ್ಲಿ ಗೆರೆ ಎಳೆಯಿತು ಎಂದು ತೋರಿಸುವ ಪ್ರಯತ್ನ ಮಾಡುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮ ಸಂವಿಧಾನ ಕೇಂದ್ರಕ್ಕೂ ರಾಜ್ಯಗಳಿಗೂ ಕೆಲಸ ಹಂಚಿಕೊಟ್ಟಿದೆ. ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲ್ವೆ, ನೋಟು ನಾಣ್ಯ ಕೇಂದ್ರದ್ದು. ಪೊಲೀಸು, ಕೃಷಿ, ಭೂಮಿ ರಾಜ್ಯದ್ದು. ಶಿಕ್ಷಣ, ಕಾಡು ಇಂಥವು ಇಬ್ಬರಿಗೂ ಸೇರಿದವು, ಆದರೆ ಅಲ್ಲಿ ಎರಡು ಕಾನೂನಿಗೆ ತಿಕ್ಕಾಟ ಬಂದರೆ ಸಾಮಾನ್ಯವಾಗಿ ಕೇಂದ್ರದ್ದೇ ಗೆಲ್ಲುತ್ತದೆ. ತಕ್ಕಡಿ ಕೇಂದ್ರದ ಕಡೆಗೇ ವಾಲಿದೆ, ಅದನ್ನು ಮುಚ್ಚಿಡುವುದೇನೂ ಇಲ್ಲ. ಆದರೂ ರಾಜ್ಯದ ಸರ್ಕಾರ ಉತ್ತರ ಕೊಡಬೇಕಾದ್ದು ವಿಧಾನಸಭೆಗೆ. ದೆಹಲಿಗಲ್ಲ. ಈ ಸಂಬಂಧವನ್ನು ಒಂದೇ ಏಟಿಗೆ ಕತ್ತರಿಸುವ ಅಧಿಕಾರ ಸಂವಿಧಾನದ 356ನೇ ವಿಧಿಯಲ್ಲಿದೆ. ನಾವು ಅದನ್ನು ರಾಷ್ಟ್ರಪತಿ ಆಳ್ವಿಕೆ ಅನ್ನುತ್ತೇವೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ವಿಚಿತ್ರ ಅನಿಸಬಹುದು, ಯಾಕೆಂದರೆ ಅಲ್ಲಿ ಒಂದು ರಾಜ್ಯದ ಗವರ್ನರ್ ಅನ್ನು ವಾಷಿಂಗ್ಟನ್ ಮನೆಗೆ ಕಳಿಸುವ ಹಾಗೇ ಇಲ್ಲ.

356 ಏನು ಹೇಳುತ್ತದೆ? ಒಂದು ರಾಜ್ಯದ ಆಡಳಿತವನ್ನು ಸಂವಿಧಾನದ ಪ್ರಕಾರ ನಡೆಸಲು ಸಾಧ್ಯವೇ ಇಲ್ಲ ಎಂದು ರಾಷ್ಟ್ರಪತಿಗೆ ಮನವರಿಕೆಯಾದರೆ, ರಾಜ್ಯದ ಅಧಿಕಾರವನ್ನು ಕೇಂದ್ರ ವಹಿಸಿಕೊಳ್ಳಬಹುದು. ರಾಜ್ಯಪಾಲರ ವರದಿ ಬಂದಾಗ ಹೀಗೆ ಮಾಡಬಹುದು, 'ಅಥವಾ ಬೇರೆ ರೀತಿಯಲ್ಲಿ' ತಿಳಿದುಬಂದಾಗಲೂ ಮಾಡಬಹುದು. ರಾಷ್ಟ್ರಪತಿ ಎಂದು ಬರೆದಿದ್ದರೂ ಅವರು ನಡೆಯುವುದು ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ. ಹಾಗಾಗಿ ಕೊನೆಗೆ ಮನವರಿಕೆ ಆಗಬೇಕಾದ್ದು ಕೇಂದ್ರ ಸರ್ಕಾರಕ್ಕೆ. ರಾಜ್ಯದಲ್ಲಿ ಎದುರು ಪಕ್ಷದ ಸರ್ಕಾರ ಇದ್ದರೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಊಹಿಸುವುದು ಕಷ್ಟ ಅಲ್ಲ, ಅಲ್ವಾ?

ಸಂವಿಧಾನ ರಚನಾ ಸಭೆಯಲ್ಲಿ ಇದನ್ನು ಊಹಿಸಿದವರು ಇದ್ದರು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರಲ್ಲಿ ಒಬ್ಬರು. ಆ 'ಅಥವಾ ಬೇರೆ ರೀತಿಯಲ್ಲಿ' ಎಂಬ ಮಾತನ್ನು ತೆಗೆದುಹಾಕಿ ಎಂದು ಅವರು ಗಟ್ಟಿಯಾಗಿ ವಾದಿಸಿದರು. ಇಂಥದ್ದೇ ಅಧಿಕಾರ ಬ್ರಿಟಿಷರ ಕಾಲದ 1935ರ ಕಾಯ್ದೆಯ 93ನೇ ಸೆಕ್ಷನ್‌ನಲ್ಲೂ ಇತ್ತು. ಆಗ ಪ್ರಾಂತ್ಯದ ಗವರ್ನರ್ ಚುನಾಯಿತ ಮಂತ್ರಿಗಳನ್ನು ಬದಿಗಿಟ್ಟು ತಾನೇ ಆಡಳಿತ ನಡೆಸಬಹುದಿತ್ತು. ಅದನ್ನು ಅನುಭವಿಸಿದ್ದ ಜನರೇ ಸ್ವತಂತ್ರ ಭಾರತದಲ್ಲೂ ಅಂಥ ವಿಧಿ ಬೇಕಾ ಎಂದು ಕೇಳಿದರು. 1949ರ ಆಗಸ್ಟ್ 4ರಂದು ಅಂಬೇಡ್ಕರ್ ಉತ್ತರ ಕೊಟ್ಟರು. ಇದು ದುರುಪಯೋಗ ಆಗಬಹುದು ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಈ ವಿಧಿಗಳನ್ನು ಬಳಸುವ ಪ್ರಸಂಗವೇ ಬರದೆ, ಅವು ಕಾಗದದ ಮೇಲೇ ಸತ್ತ ಅಕ್ಷರವಾಗಿ ಉಳಿಯಲಿ ಎಂಬ ಆಸೆಯನ್ನು ಹೇಳಿಕೊಂಡರು. ಬಳಸಲೇಬೇಕಾಗಿ ಬಂದರೂ ಮೊದಲು ಆ ರಾಜ್ಯಕ್ಕೆ ಒಂದು ಎಚ್ಚರಿಕೆ ಕೊಡಬೇಕು ಎಂದೂ ಹೇಳಿದರು.

ಆಸೆ ಎರಡು ವರ್ಷ ಕೂಡ ಉಳಿಯಲಿಲ್ಲ. 1951ರಲ್ಲೇ ಪಂಜಾಬಿನಲ್ಲಿ ಇದನ್ನು ಬಳಸಲಾಯಿತು. 1959ರಲ್ಲಿ ಕೇರಳದ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರ ಹೋಯಿತು, ಅದಕ್ಕೆ ಸದನದಲ್ಲಿ ಬಹುಮತ ಇತ್ತು. 1977ರಲ್ಲಿ ಜನತಾ ಪಕ್ಷ ದೆಹಲಿಯಲ್ಲಿ ಗೆದ್ದಾಗ ಕಾಂಗ್ರೆಸ್ ಆಳುತ್ತಿದ್ದ 9 ರಾಜ್ಯಗಳ ವಿಧಾನಸಭೆಗಳನ್ನು ಒಟ್ಟಿಗೆ ವಿಸರ್ಜಿಸಿತು. 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದಾಗ ಅವರೂ 9 ರಾಜ್ಯಗಳಲ್ಲಿ ಅದನ್ನೇ ಮಾಡಿದರು. ಯಾವ ಪಕ್ಷದ ಕೈಯೂ ಚೊಕ್ಕಟವಾಗಿಲ್ಲ. 1994ರ ಹೊತ್ತಿಗೆ 90ಕ್ಕಿಂತ ಜಾಸ್ತಿ ಸಲ ಈ ವಿಧಿ ಬಳಕೆಯಾಗಿತ್ತು. ನಮ್ಮ ರಾಜ್ಯವೊಂದರಲ್ಲೇ 1971, 1977, 1989, 1990, ಮತ್ತೆ 2007ರಲ್ಲಿ ಎರಡು ಸಲ, ಒಟ್ಟು ಆರು ಬಾರಿ ರಾಷ್ಟ್ರಪತಿ ಆಳ್ವಿಕೆ ಬಂದಿದೆ. ಇವೆಲ್ಲವೂ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಯಾರಿಗೂ ಬಹುಮತವೇ ಇಲ್ಲದೆ, ಯಾರೂ ಸರ್ಕಾರ ಮಾಡಲಾಗದ ಸ್ಥಿತಿ ನಿಜವಾಗಿಯೂ ಬರುತ್ತದೆ. ಆದರೆ 1977ರ ಡಿಸೆಂಬರ್ 31ರಂದು ದೇವರಾಜ ಅರಸು ಸರ್ಕಾರವನ್ನು ವಜಾ ಮಾಡಿದ ಮೇಲೆ ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು ಅವರು ಮರಳಿ ಮುಖ್ಯಮಂತ್ರಿಯಾದರು. ಜನ ಏನು ಯೋಚಿಸುತ್ತಿದ್ದರು ಎಂಬುದು ದೆಹಲಿಗೆ ಆಗ ಗೊತ್ತಾಯಿತು.

ಕೋರ್ಟ್ ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ಬಹಳ ಕಾಲ ದೂರ ನಿಂತಿತ್ತು. ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ, 1975ರ 38ನೇ ತಿದ್ದುಪಡಿಯಲ್ಲಿ, ರಾಷ್ಟ್ರಪತಿಯ ಮನವರಿಕೆಯೇ ಅಂತಿಮ, ಅದನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವ ಹಾಗಿಲ್ಲ ಎಂದು ಸೇರಿಸಿಬಿಟ್ಟರು. 1977ರಲ್ಲಿ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದಾಗ ಸೋತವು. ಆದರೆ ಸಂಪೂರ್ಣ ದುರುದ್ದೇಶದಿಂದ ಕೂಡಿದ್ದರೆ ನೋಡಬಹುದು ಎಂದು ಏಳು ನ್ಯಾಯಮೂರ್ತಿಗಳ ಪೀಠ ಬಾಗಿಲನ್ನು ಒಂದಿಷ್ಟು ತೆರೆದೇ ಇಟ್ಟಿತು. ಆಮೇಲೆ 1978ರ 44ನೇ ತಿದ್ದುಪಡಿ ಆ 'ಪ್ರಶ್ನಿಸುವ ಹಾಗಿಲ್ಲ' ಎಂಬ ಮಾತನ್ನು ಕಿತ್ತುಹಾಕಿತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ರಾಷ್ಟ್ರಪತಿ ಆಳ್ವಿಕೆ ಮುಂದುವರಿಸುವುದನ್ನೂ ಕಷ್ಟ ಮಾಡಿತು. ತುರ್ತು ಪರಿಸ್ಥಿತಿ ಜಾರಿಯಲ್ಲಿರಬೇಕು, ಚುನಾವಣೆ ನಡೆಸುವುದು ಕಷ್ಟ ಎಂದು ಚುನಾವಣಾ ಆಯೋಗವೂ ಹೇಳಬೇಕು. ಬೊಮ್ಮಾಯಿ ಕೋರ್ಟಿನ ಮೆಟ್ಟಿಲು ಹತ್ತಲು ದಾರಿ ಮಾಡಿಕೊಟ್ಟಿದ್ದು ಈ ತಿದ್ದುಪಡಿಯೇ.

ಈಗ ಆ ಏಪ್ರಿಲ್‌ಗೆ ಬರೋಣ. ದಿನದಿನದ ಲೆಕ್ಕ ಇಲ್ಲಿ ಮುಖ್ಯ.

ಟೆಲಿಫೋನ್ ಕದ್ದಾಲಿಕೆ ಗಲಾಟೆಯಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್‌ನಲ್ಲಿ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದರು. ಜನತಾ ಪಕ್ಷ, ಲೋಕದಳ ಸೇರಿ ಜನತಾದಳ ಆಗುತ್ತಿದ್ದ ಕಾಲ, ಒಳಗೊಳಗೇ ಅಸಮಾಧಾನ ಇತ್ತು. 1989ರ ಏಪ್ರಿಲ್ 15ರಂದು ಮಂತ್ರಿಮಂಡಲಕ್ಕೆ 13 ಜನರನ್ನು ಸೇರಿಸಿದರು. ಮಂತ್ರಿಗಿರಿ ಸಿಕ್ಕವರು ಸುಮ್ಮನಾದರು, ಸಿಗದವರು ಸುಮ್ಮನಾಗಲಿಲ್ಲ. ಎರಡು ಮೂರು ದಿನದಲ್ಲೇ ಪಕ್ಷ ಬಿಟ್ಟ ಒಬ್ಬ ಶಾಸಕರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಬಳಿ ಹೋಗಿ, ಸರ್ಕಾರಕ್ಕೆ ಬೆಂಬಲ ಹಿಂದಕ್ಕೆ ಪಡೆದಿದ್ದೇವೆ ಎನ್ನುವ 19 ಶಾಸಕರ ಪತ್ರಗಳನ್ನು ಕೊಟ್ಟರು. ರಾಜ್ಯಪಾಲರು ವಿಧಾನಸಭೆಯ ಸಚಿವಾಲಯದಿಂದ ಸಹಿಗಳನ್ನು ಹೋಲಿಸಿ ನೋಡಿಸಿದರು. ಸಹಿ ಹಾಕಿದವರನ್ನು ಕರೆದು ಕೇಳಲಿಲ್ಲ. ಮುಖ್ಯಮಂತ್ರಿಯನ್ನೂ ಕೇಳಲಿಲ್ಲ. ಏಪ್ರಿಲ್ 19ರಂದು, ಮುಖ್ಯಮಂತ್ರಿ ಬಹುಮತ ಕಳೆದುಕೊಂಡಿದ್ದಾರೆ, ಬೇರೆ ಯಾವ ಪಕ್ಷವೂ ಸರ್ಕಾರ ಮಾಡುವ ಸ್ಥಿತಿಯಲ್ಲಿಲ್ಲ, 356 ಬಳಸಿ ಎಂದು ದೆಹಲಿಗೆ ವರದಿ ಕಳಿಸಿದರು.

ಮರುದಿನ, 20ಕ್ಕೆ, ಆ 19 ಜನರಲ್ಲಿ ಏಳು ಮಂದಿ ರಾಜ್ಯಪಾಲರಿಗೇ ಪತ್ರ ಬರೆದರು. ನಮಗೆ ಏನೋ ಹೇಳಿ ಸಹಿ ಹಾಕಿಸಿಕೊಂಡರು, ನಮ್ಮ ಬೆಂಬಲ ಸರ್ಕಾರಕ್ಕೇ ಇದೆ ಎಂದರು. ಅದೇ ದಿನ ಮಂತ್ರಿಮಂಡಲ ಸೇರಿ 27ಕ್ಕೆ ವಿಧಾನಸಭೆ ಕರೆಯಲು ತೀರ್ಮಾನಿಸಿತು. ಬೊಮ್ಮಾಯಿ ತಮ್ಮ ಕಾನೂನು ಮಂತ್ರಿಯ ಜೊತೆ ರಾಜಭವನಕ್ಕೆ ಹೋದರು. ಬೇಕಾದರೆ ಇನ್ನೂ ಮೊದಲೇ ಸದನ ಕರೆಯೋಣ, ಅಲ್ಲೇ ಬಹುಮತ ತೋರಿಸುತ್ತೇನೆ ಎಂದರು. ರಾಷ್ಟ್ರಪತಿಗೆ ಟೆಲೆಕ್ಸ್ ಕಳಿಸಿದರು. ರಾಜ್ಯಪಾಲರು ಅವತ್ತೇ ಎರಡನೇ ವರದಿ ಬರೆದರು. ಏಳು ಜನ ಮಾತು ಬದಲಿಸಿರುವುದನ್ನು ತಿಳಿಸಿ, ಶಾಸಕರ ಮೇಲೆ ಒತ್ತಡ ಬರುತ್ತಿದೆ, ಕುದುರೆ ವ್ಯಾಪಾರ ನಡೆದಿದೆ, ನನ್ನ ಅಭಿಪ್ರಾಯ ಬದಲಾಗಿಲ್ಲ ಎಂದರು. 21ಕ್ಕೆ ಘೋಷಣೆ ಹೊರಬಿತ್ತು.

ಬೊಮ್ಮಾಯಿ ಕೇಳಿದ್ದು ಅಧಿಕಾರ ಉಳಿಸಿಕೊಡಿ ಎಂದಲ್ಲ, ಎಣಿಸಿ ನೋಡಿ ಎಂದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನ ತೀರ್ಪಿನ ಜೀವ ಇರುವುದು ಇಲ್ಲಿಯೇ. ಅವರಿಗೆ ಬಹುಮತ ಇತ್ತೋ ಇಲ್ಲವೋ ಇವತ್ತಿಗೂ ಯಾರೂ ಖಚಿತವಾಗಿ ಹೇಳಲಾರರು. ಹೇಳಬಹುದಾಗಿದ್ದ ಒಂದೇ ಜಾಗದಲ್ಲಿ ಎಣಿಕೆ ನಡೆಯಲೇ ಇಲ್ಲವಲ್ಲ.

ಏಪ್ರಿಲ್ 26ರಂದು ಬೊಮ್ಮಾಯಿ ಕರ್ನಾಟಕ ಹೈಕೋರ್ಟಿಗೆ ಹೋದರು. ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ವಜಾ ಮಾಡಿತು. ಸದನದಲ್ಲೇ ಬಹುಮತ ಪರೀಕ್ಷೆ ಆಗಬೇಕೆಂಬ ಕಡ್ಡಾಯ ಇಲ್ಲ ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ನವೆಂಬರ್‌ನಲ್ಲಿ ಚುನಾವಣೆ ನಡೆಯಿತು, ಕಾಂಗ್ರೆಸ್ ಗೆದ್ದಿತು, ವೀರೇಂದ್ರ ಪಾಟೀಲ್ ಮುಖ್ಯಮಂತ್ರಿಯಾದರು. ಆಮೇಲೆ ಬಂಗಾರಪ್ಪ, ಆಮೇಲೆ ವೀರಪ್ಪ ಮೊಯಿಲಿ. ಇತ್ತ ಬಾಬರಿ ಮಸೀದಿ ಉರುಳಿದ ಮೇಲೆ 1992ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಬಿಜೆಪಿ ಸರ್ಕಾರಗಳನ್ನೂ ವಜಾ ಮಾಡಿದರು. ನಾಗಾಲ್ಯಾಂಡ್, ಮೇಘಾಲಯದ ಪ್ರಕರಣಗಳೂ ಇದ್ದವು. ಎಲ್ಲವನ್ನೂ ಸೇರಿಸಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳಲ್ಲಿ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ ಎಂದಿತು.

ಬೊಮ್ಮಾಯಿ ಗೆದ್ದರು. ಹೆಚ್ಚುಕಡಿಮೆ ಐದು ವರ್ಷದ ನಂತರ. ಮರಳಿ ಕೊಡಲು ಸರ್ಕಾರವೂ ಇರಲಿಲ್ಲ, ಆ ವಿಧಾನಸಭೆಯೂ ಇರಲಿಲ್ಲ.

ತೀರ್ಪು ಉದ್ದ ಇದೆ, ನ್ಯಾಯಮೂರ್ತಿಗಳು ಬೇರೆ ಬೇರೆಯಾಗಿ ಬರೆದಿದ್ದಾರೆ, ಎಲ್ಲರೂ ಎಲ್ಲದರಲ್ಲೂ ಒಪ್ಪಿಲ್ಲ. ಬಹುಮತದ ಅಭಿಪ್ರಾಯದಲ್ಲಿ ನಮಗೆ ಬೇಕಾದ್ದನ್ನು ಹೇಳುತ್ತೇನೆ. ಒಂದು ಮಂತ್ರಿಮಂಡಲಕ್ಕೆ ಬಲ ಇದೆಯೇ ಎಂಬುದು ರಾಜ್ಯಪಾಲರ ಅಥವಾ ರಾಷ್ಟ್ರಪತಿಯ ಖಾಸಗಿ ಅಭಿಪ್ರಾಯದ ವಿಷಯ ಅಲ್ಲ. ಅದನ್ನು ನೋಡಬೇಕಾದ ಜಾಗ ಸದನ. ಹಿಂಸೆ ಎಷ್ಟು ಹಬ್ಬಿದೆಯೆಂದರೆ ಶಾಸಕರು ಬಂದು ಮತ ಹಾಕುವುದೇ ಸಾಧ್ಯವಿಲ್ಲ ಎಂಬಂಥ ಅಪರೂಪದ ಸಂದರ್ಭ ಬಿಟ್ಟರೆ, ಬೇರೆ ದಾರಿ ಇಲ್ಲ. ರಾಜಭವನದಲ್ಲಿ ಪತ್ರ ಜೋಡಿಸಿಕೊಂಡು ತಲೆ ಎಣಿಸುವ ಹಾಗಿಲ್ಲ, ಶಾಸಕರ ಪರೇಡ್ ಮಾಡಿಸಿ ಸರ್ಕಾರ ಬೀಳಿಸುವ ಹಾಗಿಲ್ಲ.

ಎರಡನೆಯದು ಇನ್ನೂ ಆಳದ್ದು. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಎಂದು ಕೋರ್ಟ್ ಕೇಳುವ ಹಾಗಿಲ್ಲ, ಸಂವಿಧಾನದ 74ನೇ ವಿಧಿಯೇ ಹಾಗೆ ಹೇಳುತ್ತದೆ. ಕೇಂದ್ರ ಇದನ್ನೇ ಗುರಾಣಿಯಾಗಿ ಹಿಡಿದಿತ್ತು. ಕೋರ್ಟ್ ಹೇಳಿದ್ದು: ಸಲಹೆ ಏನೆಂದು ಕೇಳುವುದಿಲ್ಲ, ಆದರೆ ಯಾವ ಕಾಗದ ನೋಡಿ, ಯಾವ ಸಂಗತಿ ಹಿಡಿದು ಸಲಹೆ ಕೊಟ್ಟಿರಿ ಅನ್ನುವುದನ್ನು ತೋರಿಸಿ. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಇದನ್ನು ತಪ್ಪಾಗಿ ಹೇಳುತ್ತಾರೆ. ಆ ಸಾಮಗ್ರಿ ಸಾಕಷ್ಟಿದೆಯೇ ಎಂದು ಕೋರ್ಟ್ ತೂಗುವುದಿಲ್ಲ. ಸಾಮಗ್ರಿ ಅಂತ ಒಂದು ಇದೆಯೇ, ಅದಕ್ಕೂ ಈ ಕ್ರಮಕ್ಕೂ ಸಂಬಂಧ ಇದೆಯೇ, ದುರುದ್ದೇಶ ಇದೆಯೇ, ಇಷ್ಟು ಮಾತ್ರ ನೋಡುತ್ತದೆ. ಕೇಳಿದರೆ ಸಣ್ಣದು ಅನಿಸುತ್ತದೆ. ಆದರೆ ಕಾರಣ ತೋರಿಸಲೇಬೇಕಾದ ಅಧಿಕಾರಕ್ಕೂ ಕಾರಣ ಹೇಳಬೇಕಿಲ್ಲದ ಅಧಿಕಾರಕ್ಕೂ ಭೂಮಿ ಆಕಾಶದ ವ್ಯತ್ಯಾಸ.

ಮೂರನೆಯದು ಬೀಗ ಇದ್ದ ಹಾಗೆ. ಘೋಷಣೆಗೆ ಎರಡು ತಿಂಗಳೊಳಗೆ ಲೋಕಸಭೆ, ರಾಜ್ಯಸಭೆ ಎರಡೂ ಒಪ್ಪಿಗೆ ಕೊಡಬೇಕು ಎಂದು ಸಂವಿಧಾನದಲ್ಲೇ ಇದೆ. ಮೊದಲು ಏನಾಗುತ್ತಿತ್ತು? ಘೋಷಣೆಯ ದಿನವೇ ವಿಧಾನಸಭೆ ವಿಸರ್ಜನೆ. ಆಮೇಲೆ ಯಾರು ಏನು ಒಪ್ಪಿದರೂ ಬಿಟ್ಟರೂ ಹೋದದ್ದು ಹೋಯಿತು. ಇನ್ನು ಮುಂದೆ ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದು ಅಷ್ಟೇ, ವಿಸರ್ಜಿಸುವ ಹಾಗಿಲ್ಲ ಎಂದಿತು ಕೋರ್ಟ್. ತಪ್ಪು ಎಂದು ಕಂಡರೆ ವಜಾ ಆದ ಸರ್ಕಾರವನ್ನು ಮತ್ತೆ ಕೂರಿಸುವ ಅಧಿಕಾರವೂ ತನಗಿದೆ ಎಂದಿತು.

ಹಾಗಂತ ರಾಜ್ಯಗಳಿಗೆ ಏನು ಬೇಕಾದರೂ ಮಾಡುವ ಪರವಾನಗಿ ಸಿಕ್ಕಿತು ಎಂದಲ್ಲ. ಅದೇ ತೀರ್ಪು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದ ವಜಾಗಳನ್ನು ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ, ಅಂದರೆ ಸಂಸತ್ತೂ ಕೆಡವಲಾಗದ ಬುನಾದಿಯ ಭಾಗ, ಅದಕ್ಕೆ ವಿರುದ್ಧ ನಡೆಯುವ ಸರ್ಕಾರದ ಮೇಲೆ 356 ಬಳಸಬಹುದು ಎಂದಿತು. ಒಕ್ಕೂಟ ವ್ಯವಸ್ಥೆಗೂ ಅದೇ ಮರ್ಯಾದೆ ಕೊಟ್ಟಿತು. ಕೇಂದ್ರಕ್ಕೆ ಹೆಚ್ಚು ಅಧಿಕಾರ ಇದ್ದ ಮಾತ್ರಕ್ಕೆ ರಾಜ್ಯಗಳು ಅದರ ಬಾಲಂಗೋಚಿ ಅಲ್ಲ, ತಮಗೆ ಕೊಟ್ಟ ವ್ಯಾಪ್ತಿಯಲ್ಲಿ ಅವೇ ಮೇಲು ಎಂಬರ್ಥದ ಮಾತು ನ್ಯಾಯಮೂರ್ತಿ ಜೀವನ್ ರೆಡ್ಡಿ ಅವರ ಬರಹದಲ್ಲಿದೆ.

ಕಾಗದದ ಮೇಲಿನ ಈ ಗೆರೆ ನಿಜ ಜೀವನದಲ್ಲಿ ಹಿಡಿಯಿತೇ? ನನ್ನ ಪ್ರಕಾರ ಹಿಡಿದಿದೆ, ಆದರೆ ಕೋರ್ಟು ಎಷ್ಟು ಬೇಗ ಎದ್ದಿತು ಎನ್ನುವುದರ ಮೇಲೆ. 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ತೆಗೆಯಲು ಗುಜ್ರಾಲ್ ಮಂತ್ರಿಮಂಡಲ ಶಿಫಾರಸು ಮಾಡಿದಾಗ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅದನ್ನು ಮರಳಿ ಕಳಿಸಿದರು. ಮರುವರ್ಷ ಬಿಹಾರದ ವಿಷಯದಲ್ಲಿ ವಾಜಪೇಯಿ ಮಂತ್ರಿಮಂಡಲದ ಶಿಫಾರಸನ್ನೂ ಮರಳಿಸಿದರು. 1999ರ ಫೆಬ್ರುವರಿಯಲ್ಲಿ ಬಿಹಾರದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದೇ ಬಂತು. ಆದರೆ ರಾಜ್ಯಸಭೆಯಲ್ಲಿ ಒಪ್ಪಿಗೆ ಸಿಗುವ ಸೂಚನೆ ಕಾಣದೆ ಮಾರ್ಚ್‌ನಲ್ಲಿ ಹಿಂದಕ್ಕೆ ತೆಗೆದರು, ರಾಬ್ಡಿ ದೇವಿ ಮತ್ತೆ ಮುಖ್ಯಮಂತ್ರಿಯಾದರು. ವಿಧಾನಸಭೆ ಉಳಿದಿತ್ತು, ಹಾಗಾಗಿ ಮರಳಲು ಒಂದು ಜಾಗ ಇತ್ತು. 2005ರಲ್ಲಿ ಅದೇ ಬಿಹಾರದ ವಿಧಾನಸಭೆಯನ್ನು ಒಂದು ಸಲವೂ ಸೇರುವ ಮೊದಲೇ ವಿಸರ್ಜಿಸಿದರು. ಸುಪ್ರೀಂ ಕೋರ್ಟ್ ತಪ್ಪು ಎಂದಿತು, ಆದರೆ ಅಷ್ಟರಲ್ಲಿ ಹೊಸ ಚುನಾವಣೆ ಬಾಗಿಲಿಗೆ ಬಂದಿತ್ತು, ಹಳೆಯದನ್ನು ಮರಳಿಸಲಿಲ್ಲ. ಬೊಮ್ಮಾಯಿಗೆ ಆದದ್ದೇ ಮತ್ತೆ ಆಯಿತು.

2016ರ ಉತ್ತರಾಖಂಡ ಬೇರೆ ಥರ. ಹರೀಶ್ ರಾವತ್ ಮಾರ್ಚ್ 28ಕ್ಕೆ ಬಹುಮತ ಸಾಬೀತು ಮಾಡಬೇಕಿತ್ತು, 27ಕ್ಕೆ ರಾಷ್ಟ್ರಪತಿ ಆಳ್ವಿಕೆ ಹೇರಿದರು. ಒಂದೇ ದಿನ ಮೊದಲು. ಹೈಕೋರ್ಟ್ ಒಂದು ತಿಂಗಳೊಳಗೇ, ಏಪ್ರಿಲ್ 21ಕ್ಕೆ, ಅದನ್ನು ರದ್ದು ಮಾಡಿತು. ಬೊಮ್ಮಾಯಿ ಸರ್ಕಾರ ಹೋದ ದಿನಕ್ಕೆ ಸರಿಯಾಗಿ 27 ವರ್ಷ. ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟರೂ ಮೇ 10ಕ್ಕೆ ಸದನದಲ್ಲೇ ಎಣಿಸಿ ಎಂದಿತು. ರಾವತ್ 33-28ರಿಂದ ಗೆದ್ದು ಮರಳಿದರು.

ನಮ್ಮಲ್ಲಿ 2018ರ ಮೇ ನೆನಪಿದೆ ಅಲ್ವಾ? 222 ಸ್ಥಾನಗಳಲ್ಲಿ 104 ಗೆದ್ದ ಬಿಜೆಪಿಯ ಯಡಿಯೂರಪ್ಪ ಅವರಿಗೆ ಬಹುಮತ ತೋರಿಸಲು ರಾಜ್ಯಪಾಲ ವಜುಭಾಯಿ ವಾಲಾ 15 ದಿನ ಕೊಟ್ಟರು. ಇದು 356ರ ವಿಷಯ ಅಲ್ಲ, ಆದರೆ ಬೇರು ಒಂದೇ, ಎಣಿಕೆ ಎಲ್ಲಿ ಮತ್ತು ಯಾವಾಗ ಎಂಬುದು. ಸುಪ್ರೀಂ ಕೋರ್ಟ್ ನಡುರಾತ್ರಿ ದಾಟಿದ ಮೇಲೆ ಕೂತು ಬೆಳಗಿನ ಜಾವದವರೆಗೆ ವಾದ ಕೇಳಿತು. ಪ್ರಮಾಣವಚನ ತಡೆಯಲಿಲ್ಲ. ಆದರೆ ಮೇ 18ಕ್ಕೆ ಆ 15 ದಿನವನ್ನು ಒಂದೇ ದಿನಕ್ಕೆ ಇಳಿಸಿ, 19ರ ಸಂಜೆ 4ಕ್ಕೆ ಬಹುಮತ ಪರೀಕ್ಷೆ ಎಂದಿತು. ಯಡಿಯೂರಪ್ಪ ಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು. 1989ರಲ್ಲಿ ಐದು ವರ್ಷ ಹಿಡಿದದ್ದು 2018ರಲ್ಲಿ ಮೂರು ದಿನದಲ್ಲಿ ಮುಗಿಯಿತು.

ಬೊಮ್ಮಾಯಿ ತೀರ್ಪು ಕಾಪಾಡಲಾಗದ್ದೂ ಇದೆ. 2016ರ ಜುಲೈ 13ರಂದು ಸುಪ್ರೀಂ ಕೋರ್ಟ್ ಅರುಣಾಚಲದಲ್ಲಿ ನಬಾಮ್ ತುಕಿ ಸರ್ಕಾರವನ್ನೇ ಮತ್ತೆ ಕೂರಿಸಿತು. ಮೂರೇ ದಿನದಲ್ಲಿ, ಸದನದಲ್ಲಿ ಎಣಿಸುವ ಹೊತ್ತಿಗೆ, ಅವರ ಶಾಸಕರು ಪೆಮಾ ಖಂಡು ಅವರನ್ನು ನಾಯಕ ಮಾಡಿಕೊಂಡಿದ್ದರು. ಕೋರ್ಟ್ ನಿಮ್ಮನ್ನು ಸದನದ ಬಾಗಿಲಿಗೆ ತಂದು ಬಿಡಬಹುದು, ಒಳಗೆ ನಿಮ್ಮ ಜೊತೆ ಎಷ್ಟು ಜನ ಇರುತ್ತಾರೆ ಎಂಬುದು ಅದರ ಕೈಯಲ್ಲಿಲ್ಲ. ಶಾಸಕರು ರೆಸಾರ್ಟಿಗೆ ಹೋಗುವುದನ್ನು, ರಾಜೀನಾಮೆ ಕೊಟ್ಟು ಸದನದ ಸಂಖ್ಯೆಯನ್ನೇ ಇಳಿಸುವುದನ್ನು ಬೊಮ್ಮಾಯಿ ತೀರ್ಪು ತಡೆಯಲಾರದು. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಹಾಗಿದ್ದೂ 2019ರ ಜುಲೈಯನ್ನು 1989ರ ಏಪ್ರಿಲ್ ಪಕ್ಕದಲ್ಲಿಟ್ಟು ನೋಡಿ. ಕುಮಾರಸ್ವಾಮಿ ಜುಲೈ 18ಕ್ಕೆ ವಿಶ್ವಾಸಮತ ಮಂಡಿಸಿದರು, ಚರ್ಚೆ ಮುಗಿಯಲಿಲ್ಲ. ರಾಜ್ಯಪಾಲರು 19ರ ಮಧ್ಯಾಹ್ನ 1.30ರೊಳಗೆ ಬಹುಮತ ತೋರಿಸಿ ಎಂದು ಪತ್ರ ಕಳಿಸಿದರು. ಗಡುವು ದಾಟಿತು. ಅವತ್ತೇ ಸಂಜೆಯೊಳಗೆ ಎಂದು ಇನ್ನೊಂದು ಪತ್ರ ಕಳಿಸಿದರು. ಅದೂ ದಾಟಿತು. ದೆಹಲಿಯಿಂದ ಯಾವ ಘೋಷಣೆಯೂ ಹೊರಡಲಿಲ್ಲ. ಮಾತು ನಡೆದೇ ಇತ್ತು. ಜುಲೈ 23ರ ಸಂಜೆ ಸ್ಪೀಕರ್ ಮತಕ್ಕೆ ಹಾಕಿದರು, ಶಾಸಕರು ಎದ್ದು ನಿಂತರು, ಸಾಲುಸಾಲಾಗಿ ಎಣಿಸಿದರು. ಪರ 99, ವಿರುದ್ಧ 105.